ವಯಸ್ಸೂ ಈಜಿನ ವೇಗವೂ

ಅಹಮದಾಬಾದ್, ವಡೋದರಾ, ಸೂರತ್ ನಗರಗಳ ಈಜುಕೊಳಗಳಲ್ಲಿ ಒಮ್ಮೊಮ್ಮೆ ಸೋಜಿಗದ ನೋಟವೊಂದು ಕಾಣುವುದು. ಕಟ್ಟುಮಸ್ತಾದ ನಲವತ್ತರ ಗೃಹಸ್ಥನು ಏದುಸಿರು ಬಿಡುತ್ತ ಹಿಂದುಳಿಯುವನು; ಹನ್ನೆರಡರ ಬಾಲಿಕೆಯು ಮೀನಿನಂತೆ ಆತನನ್ನು ದಾಟಿ ಹೋಗುವಳು. ಇದಕ್ಕೆ ವಯಸ್ಸೊಂದೇ ಕಾರಣವೆ? ವಿಚಾರಿಸಿ ನೋಡೋಣ.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಈಜುವವನ ವೇಗವು ಇಮ್ಮಡಿಯಾದರೆ ನೀರು ಒಡ್ಡುವ ತಡೆಯು ಸುಮಾರು ನಾಲ್ಮಡಿಯಾಗುತ್ತದೆ. ಆದುದರಿಂದ ತೋಳ್ಬಲವನ್ನು ಹೆಚ್ಚಿಸುವುದಕ್ಕಿಂತ ತಡೆಯನ್ನು ತಗ್ಗಿಸುವುದೇ ಲಾಭಕರ. ತಲೆ, ಸೊಂಟ, ಕಾಲುಗಳು ನೀರಿನ ಮೇಲ್ಮೈಯಲ್ಲಿ ಒಂದೇ ಗೆರೆಯಲ್ಲಿರಬೇಕು. ಉಸಿರು ತೋಳಿನ ಚಲನೆಯೊಡನೆ ಹೊಂದಿಕೊಳ್ಳಬೇಕು. ಇವು ಅಭ್ಯಾಸದಿಂದ ಮಾತ್ರ ಬರುವಂಥವು.

ವಯಸ್ಸು ಕಸಿದುಕೊಳ್ಳುವುದು ಬಲವನ್ನು. ಮೂವತ್ತೈದು ದಾಟಿದ ಮೇಲೆ ದೇಹವು ಬಳಸಬಲ್ಲ ಆಮ್ಲಜನಕದ ಪ್ರಮಾಣವು ಮೆಲ್ಲಮೆಲ್ಲನೆ ಕಡಿಮೆಯಾಗುತ್ತದೆ, ಸ್ನಾಯುಗಳೂ ಕ್ಷೀಣಿಸುತ್ತವೆ. ಆದರೂ ಬಿಡದೆ ಈಜುವವರಲ್ಲಿ ಎಪ್ಪತ್ತರ ಸುಮಾರಿನವರೆಗೆ ವೇಗವು ನಿಧಾನವಾಗಿಯೇ ಇಳಿದು, ಅನಂತರ ಬೇಗ ಇಳಿಯುವುದು. ಇದನ್ನರಿತೇ ಹಿರಿಯರ ಸ್ಪರ್ಧೆಗಳಲ್ಲಿ 25ನೆಯ ವಯಸ್ಸಿನಿಂದ ಮೊದಲ್ಗೊಂಡು ಐದೈದು ವರ್ಷಗಳ ವರ್ಗಗಳನ್ನು ಮಾಡಿದ್ದಾರೆ.

ಅಭ್ಯಾಸವು ಉಳಿಸಿಕೊಡುವುದು ಕೌಶಲವನ್ನು. ಅಮೆರಿಕದ ಡಾರಾ ಟೊರೆಸ್ 1984ರಲ್ಲಿ, 17ನೆಯ ವಯಸ್ಸಿನಲ್ಲಿ, ಒಲಿಂಪಿಕ್ ಪದಕ ಗಳಿಸಿದ್ದರು. ನಡುನಡುವೆ ಸ್ಪರ್ಧೆಯನ್ನು ತೊರೆದಿದ್ದರೂ 2008ರ ಬೀಜಿಂಗ್ ಕೂಟದಲ್ಲಿ, 41ನೆಯ ವಯಸ್ಸಿನಲ್ಲಿ, 50 ಮೀಟರುಗಳನ್ನು 24.07 ಸೆಕೆಂಡುಗಳಲ್ಲಿ ಈಜಿ ಬೆಳ್ಳಿಯ ಪದಕ ಪಡೆದರು. ಚಿನ್ನವು ತಪ್ಪಿದ್ದು ಸೆಕೆಂಡಿನ ನೂರರಲ್ಲೊಂದು ಭಾಗದಿಂದ! 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನ 100 ಮೀಟರ್ ಹಿಮ್ಮುಖ ಈಜಿನಲ್ಲಿ ಭಾರತವನ್ನು ಪ್ರತಿನಿಧಿಸಿದ ಅಹಮದಾಬಾದಿನ ಮಾನಾ ಪಟೇಲ್, ಬೆಂಗಳೂರಿನ ಶ್ರೀಹರಿ ನಟರಾಜ್ ಇಬ್ಬರೂ ಎಳವೆಯಲ್ಲೇ ಕೊಳಕ್ಕಿಳಿದವರು.

ಹಳೆಯ ಅಭ್ಯಾಸವು ತಪ್ಪನ್ನೂ ಉಳಿಸುವುದುಂಟು. ನಿಮ್ಮ ಹಿರಿಯರಲ್ಲಿ ಹಲವರು ಊರ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು ಈಜು ಕಲಿತಿರಬಹುದು. ಅಂಥವರಿಗೆ ನೀರಿನ ಭಯವಿಲ್ಲ. ಅದು ದೊಡ್ಡ ಆಸ್ತಿಯೇ ಸರಿ. ಆದರೆ ತಲೆಯೆತ್ತಿ ಈಜುವ ರೂಢಿಯಿಂದ ಕಾಲುಗಳು ಕೆಳಗಿಳಿದು ತಡೆಯು ಹೆಚ್ಚುತ್ತದೆ. ಮುಖವನ್ನು ನೀರಿನಲ್ಲಿಟ್ಟು ಉಸಿರು ಬಿಡುವುದನ್ನು ಹೊಸದಾಗಿ ಕಲಿತರೆ ಅವರು ನಲವತ್ತರಲ್ಲಿಯೂ ಮೊದಲಿಗಿಂತ ವೇಗವಾಗಿ ಈಜಬಲ್ಲರು.

ಹಾಗಾದರೆ ಎಂದೂ ಕಲಿಯದವರ ಗತಿಯೇನು? ಜಪಾನಿನ ಮಿಯೆಕೊ ನಾಗಾವೋಕಾ ಎಂಬಾಕೆ 80ರ ಆಸುಪಾಸಿನಲ್ಲಿ ಈಜಿಗೆ ತೊಡಗಿದರು. 2015ರಲ್ಲಿ, 100ನೆಯ ವಯಸ್ಸಿನಲ್ಲಿ, 1500 ಮೀಟರ್ ದೂರವನ್ನು ಸುಮಾರು 1 ಗಂಟೆ 16 ನಿಮಿಷಗಳಲ್ಲಿ ಈಜಿ ಮುಗಿಸಿದರು. ತಡವಾಗಿ ಕಲಿತವರು ಒಲಿಂಪಿಕ್ಸಿಗೆ ಹೋಗಲಾರರು. ಆದರೆ ನಿನ್ನೆಗಿಂತ ಇಂದು ಮುಂದೆ ಸಾಗಬಲ್ಲರು.

ವಿದ್ಯಾರ್ಥಿಗಳೇ, ವೇಗಕ್ಕಿಂತ ಹಿರಿದಾದ ಕಾರಣವೊಂದಿದೆ. ನಾವು ನೆಲೆಸಿರುವ ಈ ನಾಡಿನಲ್ಲಿ ತಾಪಿ, ಸಾಬರಮತಿ ನದಿಗಳಿವೆ; ನರ್ಮದಾ ಕಾಲುವೆಯಿದೆ. ಕಾಲುವೆಯ ಜಾರುವ ಕಾಂಕ್ರೀಟು ಬದಿಯನ್ನೇರುವುದು ಬಲಶಾಲಿಗೂ ಕಷ್ಟ. ಅಲ್ಲಿ ಎಂದೂ ಇಳಿಯಬೇಡಿರಿ. ಶಿಕ್ಷಕರಿರುವ ಕೊಳದಲ್ಲಿ ಈ ಬೇಸಿಗೆಯಲ್ಲಿಯೇ ಕಲಿಯಿರಿ. ನಿಮ್ಮ ತಂದೆತಾಯಿಗಳನ್ನೂ ಜೊತೆಗೆ ಕರೆದೊಯ್ಯಿರಿ. ಇಂದು ದೇಹವು ಕಲಿತದ್ದು ಮುಪ್ಪಿನವರೆಗೂ ನಿಮ್ಮ ಕೈಬಿಡದು.