ಬೆನ್ನೇ ಇಲ್ಲ, ಬೇಸ್ ಇದೆ!

ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಕೈಗೆ ಸಿಕ್ಕರೆ ಮೊದಲು ಅದರ ಹಿಂಬದಿ ನೋಡಿ. ಮುಚ್ಚಳವೇ ಇಲ್ಲ! ಬರೀ ಲೋಹದ ಜಾಲರಿ. ಗಾಳಿ ಆರಾಮಾಗಿ ಒಳಗೆ ಹೊರಗೆ ಓಡಾಡುತ್ತದೆ. ನೀವು ಹಾಕಿದ ಹಾಡು ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ಅಡುಗೆಮನೆಯ ಕುಕ್ಕರ್ ಸೀಟಿ ನಿಮಗೂ ಕೇಳುತ್ತದೆ!

ಇದೇ ಓಪನ್-ಬ್ಯಾಕ್. ಬೆನ್ನೇ ಇಲ್ಲದ ಹೆಡ್‌ಫೋನ್!

ಇದರಲ್ಲಿ ಬೇಸ್ ಇರಲ್ಲ ಎಂದು ಅಂಗಡಿಯವರಿಂದ ಹಿಡಿದು ನಿಮ್ಮ ಗೆಳೆಯನವರೆಗೆ ಎಲ್ಲರೂ ಹೇಳುತ್ತಾರೆ. ಸರಿ, ಹಾಗಾದರೆ ಹೇಳಿ ನೋಡೋಣ. ಆ ಬೇಸ್ ಸೋರಿಹೋಗುವುದು ಎಲ್ಲಿಂದ?

ಹಿಂದಿನ ಜಾಲರಿಯಿಂದ ಅಂದಿರಾ? ತಪ್ಪು!

ಒಂದು ಹಾಡು ಹಾಕಿ, ತಮಟೆಯೋ ಬೇಸ್ ಗಿಟಾರೋ ಚೆನ್ನಾಗಿರುವಂಥದ್ದು. ಈಗ ಎರಡೂ ಬಟ್ಟಲುಗಳನ್ನು ಕಿವಿಯಿಂದ ಒಂದು ಬೆರಳಿನಷ್ಟು ಸರಿಸಿ. ಗಾಯಕಿಯ ದನಿ ಕೇಳುತ್ತಿದೆ. ಗೆಜ್ಜೆ ಕೇಳುತ್ತಿದೆ. ಬೇಸ್? ಮಾಯ! ಮತ್ತೆ ಒತ್ತಿ ಹಿಡಿಯಿರಿ. ಬಂತು ನೋಡಿ!

ಹಿಂದಿನ ಜಾಲರಿಗೆ ನೀವು ಏನೂ ಮಾಡಲಿಲ್ಲ. ಅದು ಆಗಲೂ ತೆರೆದೇ ಇತ್ತು, ಈಗಲೂ ತೆರೆದೇ ಇದೆ. ಬದಲಾದದ್ದು ಮುಂದಿನ ಸಂದಿ. ಪ್ಯಾಡ್‌ಗೂ ನಿಮ್ಮ ಕೆನ್ನೆಗೂ ನಡುವಿನ ಸಂದಿ! ಬೇಸ್ ಕದಿಯುವ ಕಳ್ಳ ಮುಂಬಾಗಿಲಲ್ಲೇ ಇದ್ದಾನೆ!

ಅದು ಹೇಗೆ? ಸೈಕಲ್ ಪಂಪ್ ನೆನಪಿಸಿಕೊಳ್ಳಿ. ಅದರ ಬಾಯಿಯನ್ನು ಬೆರಳಿನಿಂದ ಅರೆಬರೆ ಮುಚ್ಚಿ ಮೆಲ್ಲಗೆ ಒತ್ತಿದರೆ ಗಾಳಿ ಪುಸ್ಸೆಂದು ಸೋರಿಹೋಗುತ್ತದೆ. ಸರಕ್ಕನೆ ಒತ್ತಿ ನೋಡಿ, ಕೈಗೆ ಎದುರು ಒತ್ತುತ್ತದೆ! ಸೋರಲು ಗಾಳಿಗೆ ಪುರುಸೊತ್ತೇ ಸಿಗಲಿಲ್ಲ. ಹೆಡ್‌ಫೋನ್‌ನೊಳಗೆ ನಡೆಯುವುದೂ ಇದೇ. ಮೇಲಿನ ಸ್ವರಗಳು ಸೆಕೆಂಡಿಗೆ ಸಾವಿರಾರು ಸಲ ಒತ್ತುತ್ತವೆ. ಆಳದ ಬೇಸ್ ಒತ್ತುವುದು ಬರೀ 20 ಸಲ, 30 ಸಲ, 40 ಸಲ. ಅಷ್ಟು ಹೊತ್ತು ಸಿಕ್ಕರೆ ಯಾವ ಗಾಳಿ ತಾನೇ ಸುಮ್ಮನಿರುತ್ತದೆ!

ಸೋರಿ ಎಲ್ಲಿಗೆ ಹೋಗುತ್ತದೆ? ಇನ್ನೂ ಮಜಾ ಇರುವುದು ಇಲ್ಲೇ. ಸದ್ದು ಹೊರಡಿಸುವ ಡ್ರೈವರ್‌ನ ಪೊರೆ ಮುಂದೆ ತಳ್ಳಿದಾಗ ಹಿಂದೆ ಎಳೆಯುತ್ತದಲ್ಲವೇ? ಮುಂದೆ ಒತ್ತಡ, ಹಿಂದೆ ಖಾಲಿ. ಮುಂದಿನ ಗಾಳಿ ಸಂದಿಯಿಂದ ನುಸುಳಿ ಹಿಂದಿನ ಖಾಲಿಯನ್ನು ತುಂಬಿಬಿಡುತ್ತದೆ. ಎರಡೂ ಸೇರಿ ಸೊನ್ನೆ! ಬೇಸ್ ತನ್ನನ್ನು ತಾನೇ ನುಂಗಿತು!

ಕನ್ನಡಕ ಹಾಕುವವರೇ, ಇದು ನಿಮಗೆ. ಕನ್ನಡಕದ ಆ ಸಣ್ಣ ಕಡ್ಡಿ ಪ್ಯಾಡ್ ಅನ್ನು ಒಂಚೂರು ಎತ್ತಿದರೂ ಸಾಕು, ತಳದ ಬೇಸ್ ಇಳಿದುಹೋಗುತ್ತದೆ. ಸಾವಿರಾರು ರೂಪಾಯಿಯ ಕೇಬಲ್ ಬದಲಾಯಿಸುವ ಮೊದಲು ದಯವಿಟ್ಟು ಕನ್ನಡಕ ತೆಗೆದು ಕೇಳಿ! (ಕೇಬಲ್ ಮಾರುವವರು ಈ ಮಾತು ಹೇಳುವುದಿಲ್ಲ.)

ಈಗ ಸಂದಿ ಇಲ್ಲ ಅಂದುಕೊಳ್ಳಿ. ಪ್ಯಾಡ್ ಗಟ್ಟಿಯಾಗಿ ಕೂತಿದೆ. 20 ಹರ್ಟ್ಸ್, ಅಂದರೆ ಸೆಕೆಂಡಿಗೆ 20 ಸಲ ಒತ್ತುವ ಸದ್ದಿನ ಒಂದು ಅಲೆ ಗಾಳಿಯಲ್ಲಿ ಎಷ್ಟು ಉದ್ದ? ಊಹಿಸಿ! ಒಂದು ಮೀಟರ್? ಐದು?

17 ಮೀಟರ್!

ಸಾಧಾರಣ ಮನೆಯ ಹಾಲ್‌ನಲ್ಲೂ ಹಿಡಿಸದ ಅಲೆ ಅಂಗೈಯಗಲದ ಬಟ್ಟಲಿನಲ್ಲಿ ಹೇಗೆ ಹಿಡಿಸಿತು? ಹಿಡಿಸಬೇಕಾಗಿಯೇ ಇಲ್ಲ! ಇಷ್ಟು ಚಿಕ್ಕ ಜಾಗದಲ್ಲಿ ಅಲೆ ಓಡುವ ಪ್ರಶ್ನೆಯೇ ಬರುವುದಿಲ್ಲ. ಒಳಗಿನ ಗಾಳಿಯೆಲ್ಲ ಒಟ್ಟಿಗೆ ಬಿಗಿಯುತ್ತದೆ, ಒಟ್ಟಿಗೆ ಸಡಿಲುತ್ತದೆ. ಕಿವಿಯ ತಮಟೆಗೆ ಅಷ್ಟೇ ಸಾಕು!

ಬೆನ್ನು ತೆರೆದಿಟ್ಟ ಈ ಸಾಹಸ ಮೊದಲು ಮಾಡಿದವರು ಯಾರು? ಜರ್ಮನಿಯ ಸೆನ್‌ಹೈಸರ್‌ನವರೇ. 1968ರಲ್ಲಿ ಎಚ್‌ಡಿ 414 ಬಂತು. ಹಗುರ. ಕಿವಿಗೆ ಹಳದಿ ಸ್ಪಂಜು! ನೋಡಿದರೆ ಆಟಿಕೆ ಅನ್ನಬೇಕು. ಆದರೆ ಮಾರಾಟವಾದದ್ದು ಎಷ್ಟು ಗೊತ್ತೇ? ಕಂಪನಿ ಹೇಳುವ ಲೆಕ್ಕ ಒಂದು ಕೋಟಿಗೂ ಹೆಚ್ಚು!

ಜನ ಯಾಕೆ ಮುಗಿಬಿದ್ದರು? ಬೆನ್ನು ಮುಚ್ಚಿದ ಬಟ್ಟಲಿನಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಪೊರೆಯನ್ನೇ ತಳ್ಳುತ್ತದೆ. ಬೇಸ್ ಗುಂಯ್ ಎಂದು ಎಳೆಯುತ್ತದೆ. ತೆರೆದ ಹೆಡ್‌ಫೋನ್‌ನಲ್ಲಿ ಹಿಂದಕ್ಕೆ ಹೋದ ಸದ್ದು ಹೋಯಿತು, ಅಷ್ಟೇ! ಡ್ರಮ್ಮಿನ ಏಟು ಬಿತ್ತು, ನಿಂತಿತು. ಮುಂದಿನ ಏಟಿಗೆ ಜಾಗ ಖಾಲಿ. ಹಾಡು ತಲೆಯೊಳಗೆ ಸಿಕ್ಕಿಕೊಂಡಂತೆ ಅನ್ನಿಸದೆ ಅಕ್ಕಪಕ್ಕಕ್ಕೆ ಹರಡಿಕೊಳ್ಳುತ್ತದೆ.

ಆದರೆ ಎಚ್‌ಡಿ 600 ಆಗಲಿ ಅದರ ತಮ್ಮ ಎಚ್‌ಡಿ 650 ಆಗಲಿ ಆಳಕ್ಕೆ ಹೋಗುತ್ತಾ ಹೋಗುತ್ತಾ ಸೋಲುತ್ತವೆ, ಇದನ್ನು ಒಪ್ಪಲೇಬೇಕು. 100 ಹರ್ಟ್ಸ್ ಆಸುಪಾಸಿನಲ್ಲಿ ತುಂಬಿದ ಬೆಚ್ಚನೆಯ ದನಿ. ಅಲ್ಲಿಂದ ಕೆಳಗಿಳಿದಂತೆ ಇಳಿಜಾರು. ಪಿಯಾನೋದ ಕಟ್ಟಕಡೆಯ ಮನೆ 27.5 ಹರ್ಟ್ಸ್. ಚರ್ಚಿನ ಆರ್ಗನ್‌ನ 32 ಅಡಿಯ ಕೊಳವೆ ಸುಮಾರು 16! ಅಲ್ಲಿ ಇವುಗಳ ಆಟ ನಡೆಯುವುದಿಲ್ಲ.

ಹಾಗಾದರೆ ಬೆನ್ನು ತೆರೆದವರೆಲ್ಲ ಇಷ್ಟೇನಾ? ಅಲ್ಲ!

ಕ್ಯಾಲಿಫೋರ್ನಿಯಾದ ಆಡೀಜಿಯವರ ಎಲ್‌ಸಿಡಿ-ಎಕ್ಸ್ ನೋಡಿ. ಅದರದ್ದೂ ತೆರೆದ ಬೆನ್ನೇ. ಒಳಗಿರುವುದು ಪ್ಲೇನಾರ್ ಡ್ರೈವರ್. ಶಂಕುವಿಲ್ಲ, ಸುರುಳಿಯಿಲ್ಲ. ತೆಳ್ಳನೆಯ ಚಪ್ಪಟೆ ಪೊರೆ, ಅದರ ಮೈತುಂಬ ಅಚ್ಚೊತ್ತಿದ ಲೋಹದ ಗೆರೆಗಳು, ಎದುರಿಗೆ ಅಯಸ್ಕಾಂತದ ಪಟ್ಟಿಗಳು. ಪೊರೆ ಇಡಿಯಾಗಿ ಒಮ್ಮೆಗೇ ಅಲುಗುತ್ತದೆ! ಡ್ರೈವರ್ ಅಳತೆ 106 ಮಿಲಿಮೀಟರ್. ದಪ್ಪನೆಯ ಪ್ಯಾಡ್ ಕಿವಿಯ ಸುತ್ತ ಭದ್ರವಾಗಿ ಕೂರುತ್ತದೆ. ಬೇಸ್ 20 ಹರ್ಟ್ಸ್‌ವರೆಗೂ ಹೆಚ್ಚುಕಮ್ಮಿ ನೇರ ಗೆರೆ!

ಬೆಲೆ ಬಿಡಿ. ತೂಕ ಎಷ್ಟು ಹೇಳಿ? ಎಚ್‌ಡಿ 600 ತೂಗುವುದು 260 ಗ್ರಾಂ. ಇದು? 612 ಗ್ರಾಂ! ಅರ್ಧ ಕಿಲೋ ದಾಟಿತು! ಬೇಸ್ ಕಿವಿಗೆ, ಭಾರ ಕುತ್ತಿಗೆಗೆ.

ಇಷ್ಟು ಕಷ್ಟ ಯಾಕೆ? ತಪ್ಪು ಯಂತ್ರದ್ದಷ್ಟೇ ಅಲ್ಲ, ನಮ್ಮ ಕಿವಿಯದ್ದೂ ಇದೆ. 1,000 ಹರ್ಟ್ಸ್ ಸದ್ದು ಆಗಷ್ಟೇ ಕೇಳಿಸತೊಡಗಲು ಬೇಕಾದ ಒತ್ತಡ ಒಂದು ಅಂದುಕೊಳ್ಳಿ. 20 ಹರ್ಟ್ಸ್ ಸದ್ದು ಹಾಗೆ ಕೇಳಿಸಲು ಎಷ್ಟು ಬೇಕು? ಹತ್ತು ಪಟ್ಟು? ನೂರು?

ಸುಮಾರು ಆರು ಸಾವಿರ ಪಟ್ಟು! ಅಬ್ಬಾ!

ಇನ್ನೂ ಒಂದು ವಿಚಿತ್ರ. 1952ರಲ್ಲಿ ಮನ್ಸನ್ ಮತ್ತು ವೀನರ್ ಎಂಬ ಇಬ್ಬರು ಒಂದು ಸಂಶೋಧನಾ ಲೇಖನ ಬರೆದರು. ಅದರ ಶೀರ್ಷಿಕೆಯೇ ಪತ್ತೇದಾರಿ ಕಾದಂಬರಿಯದ್ದು: ಕಾಣೆಯಾದ 6 ಡೆಸಿಬೆಲ್‌ಗಾಗಿ ಹುಡುಕಾಟ! ಸ್ಪೀಕರ್‌ನಲ್ಲಿ ಕೇಳುವ ತಗ್ಗಿನ ಸದ್ದಿನಷ್ಟೇ ಜೋರು ಅನ್ನಿಸಬೇಕಾದರೆ ಹೆಡ್‌ಫೋನ್‌ನಲ್ಲಿ ಕಿವಿಯೊಳಗೆ ಸುಮಾರು ದುಪ್ಪಟ್ಟು, ಅಂದರೆ ಆ 6 ಡೆಸಿಬೆಲ್ ಹೆಚ್ಚು, ಒತ್ತಡ ಬೇಕಾಯಿತು. ಅದೇ ಕಿವಿ, ಅದೇ ಸ್ವರ, ಆದರೂ! ಸ್ಪೀಕರ್ ಮುಂದೆ ಕೂತಾಗ ಎದೆ ನಡುಗುತ್ತದೆ, ಕುರ್ಚಿ ನಡುಗುತ್ತದೆ. ಹೆಡ್‌ಫೋನ್‌ನಲ್ಲಿ ಆ ನಡುಕ ಎಲ್ಲಿಂದ ಬರಬೇಕು? ಹೆಡ್‌ಫೋನ್‌ನಲ್ಲಿ ಬೇಸನ್ನು ಸ್ವಲ್ಪ ಏರಿಸಿಯೇ ಕೇಳಲು ಬಹಳ ಮಂದಿ ಇಷ್ಟಪಡುತ್ತಾರೆ. ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಮತ್ತು ಟಾಡ್ ವೆಲ್ಟಿ ಕೇಳುಗರನ್ನು ಕೂರಿಸಿ ಪರೀಕ್ಷಿಸಿದಾಗಲೂ ಇದೇ ಹೊರಬಿತ್ತು. ಬೇಸ್ ಏರಿಸುವವರನ್ನು ಕಂಡು ಮೂಗು ಮುರಿಯುವ ಪಂಡಿತರೇ, ಕೇಳಿಸಿತೇ?

ತಡೆಯಿರಿ, ದೊಡ್ಡ ಅಚ್ಚರಿ ಇನ್ನೂ ಬಾಕಿ!

ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ ಮಿಡಿಯುವುದು 41 ಹರ್ಟ್ಸ್‌ನಲ್ಲಿ. ಎಚ್‌ಡಿ 600 ಅಲ್ಲಿ ಸೊರಗುತ್ತದೆ ಅಂದೆನಲ್ಲ. ಆದರೆ ಕೇಳಿ ನೋಡಿ, ಆ ಸ್ವರ ಒಂದಿಷ್ಟೂ ಮೇಲೇರುವುದಿಲ್ಲ! ಹೇಗೆ? ತಂತಿ 41ರ ಜೊತೆಗೆ 82, 123, 164 ಎಂದು ಮರಿಸ್ವರಗಳನ್ನೂ ಹೊರಡಿಸುತ್ತದೆ. ಅವನ್ನು ಹೆಡ್‌ಫೋನ್ ಚೆನ್ನಾಗಿ ನುಡಿಸುತ್ತದೆ. ನಿಮ್ಮ ಮೆದುಳು ಅವುಗಳ ನಡುವಿನ ಅಂತರ ಹಿಡಿದು, ಕ್ಷೀಣಿಸಿದ ತಾಯಿಸ್ವರವನ್ನು ತಾನೇ ಕಟ್ಟಿಕೊಡುತ್ತದೆ!

ನಂಬಿಕೆ ಬರಲಿಲ್ಲವೇ? ಹಳೇ ಲ್ಯಾಂಡ್‌ಲೈನ್ ಫೋನ್ ನೆನಪಿದೆಯೇ? ಅದು ಸಾಗಿಸುತ್ತಿದ್ದದ್ದು 300ರಿಂದ 3,400 ಹರ್ಟ್ಸ್ ಮಾತ್ರ. ಗಂಡಸಿನ ದನಿಯ ತಳ 100 ಹರ್ಟ್ಸ್ ಆಸುಪಾಸು. ಅಂದರೆ ನಿಮ್ಮ ಅಪ್ಪನ ಗಡಸು ದನಿಯ ಬುಡ ಆ ತಂತಿಯಲ್ಲಿ ಬರುತ್ತಲೇ ಇರಲಿಲ್ಲ! ಆದರೂ 'ಹಲೋ' ಅಂದ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು!

ಮೆದುಳಿನ ಈ ಆಟದ ಸೊಗಸನ್ನು ಸವಿಯಲು ತಂಬೂರಿಗಿಂತ ಒಳ್ಳೆಯ ವಾದ್ಯ ನನಗೆ ಗೊತ್ತಿಲ್ಲ. ಮರಿಸ್ವರಗಳ ಜಾತ್ರೆ ಅದು! ತಂತಿಯನ್ನು ಮೀಟಿದ ಜಾಗದಿಂದಾಗಿ ಯಾವ ಮರಿಸ್ವರ ಹುಟ್ಟಲೇಬಾರದೋ ಅದೂ ತಂಬೂರಿಯಲ್ಲಿ ಗಟ್ಟಿಯಾಗಿ ಕೇಳುತ್ತದೆ. ಅಗಲ ಕುದುರೆಯ ಮೇಲೆ ತಂತಿ ಸವರುತ್ತದೆ, ಕೆಳಗೆ ಜೀವಾಳದ ದಾರ. ಭೌತಶಾಸ್ತ್ರದ ಲೆಕ್ಕವನ್ನೇ ಅಣಕಿಸುವ ಈ ಚಮತ್ಕಾರವನ್ನು ಗುರುತಿಸಿ 1921ರಲ್ಲಿ ಬರೆದವರು ಯಾರು ಗೊತ್ತೇ? ಸಿ.ವಿ. ರಾಮನ್! ಆಗ ಅವರು ಕಲ್ಕತ್ತೆಯಲ್ಲಿದ್ದರು. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದದ್ದು 1933ರಲ್ಲಿ.

ಹಾಗಾಗಿ ಒಂದು ಸವಾಲು. ಗಂಡುದನಿಯ ಒಂದನೇ ಶ್ರುತಿಗೆ ಕೂಡಿಸಿದ ತಂಬೂರಿಯ ಧ್ವನಿಮುದ್ರಣ ಹುಡುಕಿ. ಅದರ ನಾಲ್ಕನೆಯ ತಂತಿಯ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ತೆರೆದ ಬೆನ್ನಿನ ಹೆಡ್‌ಫೋನ್ ಹಾಕಿಕೊಳ್ಳಿ. ಫೋನಿನ ಈಕ್ವಲೈಸರ್‌ನಲ್ಲಿ 100 ಹರ್ಟ್ಸ್‌ನಿಂದ ಕೆಳಗಿನದನ್ನೆಲ್ಲ ಪೂರ್ತಿ ಇಳಿಸಿಬಿಡಿ. ದನಿ ತುಸು ತೆಳ್ಳಗಾಗುತ್ತದೆ, ನಿಜ. ಈಗ ಆ ನಾಲ್ಕನೆಯ ತಂತಿ ಮೀಟುವ ಹೊತ್ತಿಗೆ ಕಿವಿಗೊಟ್ಟು ಕೇಳಿ. ನಿಮ್ಮ ಕಿವಿ ಎಲ್ಲಿಗೆ ಹೋಗಿ ನಿಂತಿತು?

ಅದೇ ಮಂದ್ರ ಷಡ್ಜಕ್ಕೆ!