ಬನವಾಸಿಯ ಕಲ್ಲಿಗೆ ಓರೆ ಬೆಳಕು

ಬನವಾಸಿಗೆ ಹೋದವರು ಮಧುಕೇಶ್ವರನ ದರ್ಶನ ಮಾಡುತ್ತಾರೆ, ದೊಡ್ಡ ನಂದಿಯ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ, ಕಲ್ಲಿನ ಮಂಚವನ್ನು ಸುತ್ತು ಹಾಕಿ ಬೆರಗಾಗುತ್ತಾರೆ. ಅದೇ ಆವರಣದಲ್ಲಿರುವ ಐದು ಹೆಡೆಯ ನಾಗಶಿಲ್ಪದ ಮುಂದೆ ನಿಲ್ಲುವವರು ಕಡಿಮೆ. ನಿಂತವರಲ್ಲೂ ಅದರ ಅಂಚಿನ ಬರಹವನ್ನು ಗಮನಿಸುವವರು ಇನ್ನೂ ಕಡಿಮೆ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಚುಟು ಮನೆತನದ ಸಾತಕರ್ಣಿ ಅರಸನ ಆಳ್ವಿಕೆಯ 12ನೇ ವರ್ಷದಲ್ಲಿ ಶಿವಸ್ಕಂದನಾಗಶ್ರೀ ಎಂಬ ರಾಜಕುಮಾರಿ ಈ ನಾಗನನ್ನೂ ಒಂದು ಕೆರೆಯನ್ನೂ ಒಂದು ವಿಹಾರವನ್ನೂ ದಾನವಾಗಿ ಕೊಟ್ಟಳು ಎಂದು ಅದು ಹೇಳುತ್ತದೆ. ಕಡೆಗೆ ಶಿಲ್ಪಿಯ ಹೆಸರೂ ಇದೆ: ನಟಕ. ಕದಂಬರಿಗಿಂತ ಹಿಂದಿನ ಕಾಲದ ಕುಶಲಕರ್ಮಿಯೊಬ್ಬನ ಹೆಸರು ಹೀಗೆ ಉಳಿದಿರುವುದು ಸಣ್ಣ ಸಂಗತಿಯಲ್ಲ.

ಆ ನಟಕನ ಗುರುವಿನ ಹೆಸರಿಗೆ ಬಂದರೆ ಪುಸ್ತಕಗಳಲ್ಲಿ ಎರಡು ಪಾಠ. ಕೆಲವರು ದಾಮೋರಕ ಎನ್ನುತ್ತಾರೆ, ಕೆಲವರು ಇದಮೋರಕ ಎನ್ನುತ್ತಾರೆ. ಬ್ರಾಹ್ಮಿಯಲ್ಲಿ ಪದದ ಮೊದಲಿನ ‘ಇ’ಕಾರವೆಂದರೆ ಮೂರು ಚುಕ್ಕಿ, ಅಷ್ಟೇ. ಸಾವಿರದ ಎಂಟುನೂರು ವರ್ಷ ಮಳೆ, ಎಣ್ಣೆ, ಕುಂಕುಮ ಕಂಡ ಕಲ್ಲಿನ ಮೇಲೆ ಇರುವ ಚುಕ್ಕಿ ಉಳಿ ಹೊಡೆದದ್ದೋ, ಕಲ್ಲು ತಾನಾಗಿ ಉದುರಿದ್ದೋ? ಡಿಜಿಟಲ್ ದಾಖಲಾತಿ ಎಂಬ ಹೊಸ ಕಸುಬು ಹುಟ್ಟಿದ್ದೇ ಇಂಥ ಪ್ರಶ್ನೆಗಳಿಗಾಗಿ.

ಹಳೆಯ ಪದ್ಧತಿ ಪಡಿಯಚ್ಚು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಇಳಿಸಿ, ಮೇಲೆ ಮಸಿ ಒತ್ತುವುದು. ನೂರು ವರ್ಷಕ್ಕೂ ಮೀರಿ ಶಾಸನಶಾಸ್ತ್ರ ನಡೆದದ್ದು ಇದರ ಬಲದಿಂದಲೇ. ಕೈ ಪಳಗಿದವರ ಅಚ್ಚಿನ ಎದುರು ಎಷ್ಟೋ ಫೋಟೊಗಳು ಇಂದಿಗೂ ಸಪ್ಪೆ. ಆದರೆ ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ ಸುರಿಯುವ ಶಿರಸಿ ಸೀಮೆಯಲ್ಲಿ ಹಾವಸೆ, ಕಲ್ಲುಹೂವು ಹತ್ತದ ಶಾಸನ ಸಿಗುವುದೇ ಕಷ್ಟ. ಅಚ್ಚಿಗೆಂದು ತಿಕ್ಕಿ ತೊಳೆದರೆ ಹಾವಸೆಯ ಜತೆ ಅಕ್ಷರದ ಅಂಚೂ ಹೋಗುತ್ತದೆ. ಪೂಜೆಗೊಳ್ಳುವ ವೀರಗಲ್ಲು, ಚೌಡಿಕಲ್ಲುಗಳಿಗಂತೂ ಮಸಿ ಮುಟ್ಟಿಸುವ ಮಾತೇ ಇಲ್ಲ.

ಕಲ್ಲನ್ನು ಮುಟ್ಟದೆ ಓದುವ ಉಪಾಯಗಳಲ್ಲಿ ನನಗೆ ಬಲು ಹಿಡಿಸಿದ್ದು ಓರೆ ಬೆಳಕಿನ ಚಿತ್ರಣ. 2001ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು ಇದಕ್ಕೆ ದಾರಿ ಹಾಕಿಕೊಟ್ಟರು. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಕದಲದಂತೆ ನಿಲ್ಲಿಸಬೇಕು. ಕಲ್ಲಿನ ಪಕ್ಕದಲ್ಲಿ ಹೊಳೆಯುವ ಎರಡು ಕಪ್ಪು ಗುಂಡುಗಳನ್ನು ಇಡಬೇಕು. ಒಬ್ಬರು ಫ್ಲ್ಯಾಶ್ ಹಿಡಿದು, ದಾರದಿಂದ ದೂರ ಅಳೆದುಕೊಳ್ಳುತ್ತ, ಕಲ್ಲಿನ ಸುತ್ತ ಕಮಾನಿನಂತೆ ಒಂದೊಂದೇ ಜಾಗ ಬದಲಿಸಬೇಕು. ಪ್ರತಿ ಜಾಗದಿಂದ ಒಂದು ಚಿತ್ರ; ಒಟ್ಟು ನಲವತ್ತು, ಐವತ್ತು. ಬೆಳಕು ಯಾವ ದಿಕ್ಕಿನಿಂದ ಬಿತ್ತು ಎಂಬುದನ್ನು ಗುಂಡಿನ ಮೇಲೆ ಮಿನುಗುವ ಬಿಂದುವೇ ಕಂಪ್ಯೂಟರಿಗೆ ಹೇಳುತ್ತದೆ. ಆಮೇಲೆ ಮನೆಯಲ್ಲಿ ಕೂತು ಮೌಸ್ ಆಡಿಸಿದರೆ ಸಾಕು, ಪರದೆಯ ಮೇಲೆ ಬೆಳಕು ಕಲ್ಲಿನ ಸುತ್ತ ಸುತ್ತುತ್ತದೆ. ಎದುರು ಬೆಳಕಿನಲ್ಲಿ ಚಪ್ಪಟೆಯಾಗಿದ್ದ ಗೀರು ಎಡದಿಂದ ಬೆಳಕು ಬಿದ್ದಾಗ ಎದ್ದು ಕೂರುತ್ತದೆ. ಉಳಿಯ ಏಟಿಗೆ ಒಂದು ಓರಣವಿದೆ, ಸವಕಳಿಗೆ ಅದಿಲ್ಲ. ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ತಂತ್ರಾಂಶ ಉಚಿತ. ಹಗಲಿನಲ್ಲಿ ಮಾಡುವುದಾದರೆ ಬಿಸಿಲು ಮರೆ ಮಾಡಲು ಎರಡು ಕಂಬಳಿ, ಅವನ್ನು ಹಿಡಿಯಲು ಇಬ್ಬರು ಬೇಕು. ನಮ್ಮಲ್ಲಿ ಎರಡಕ್ಕೂ ಬರವಿಲ್ಲ.

ಇನ್ನೊಂದು ದಾರಿ ಮೂರು ಆಯಾಮದ ಸ್ಕ್ಯಾನಿಂಗ್. ಇದನ್ನು ಕನ್ನಡ ನಾಡಿನಲ್ಲಿ ಪಟ್ಟು ಹಿಡಿದು ಮಾಡುತ್ತಿರುವುದು ಬೆಂಗಳೂರಿನ ಮಿಥಿಕ್ ಸೊಸೈಟಿ. 1909ರಲ್ಲಿ ಹುಟ್ಟಿ, ನೃಪತುಂಗ ರಸ್ತೆಯ ಹಳೆಯ ಕಟ್ಟಡದಲ್ಲಿ ಇತಿಹಾಸದ ಪತ್ರಿಕೆ ನಡೆಸಿಕೊಂಡು ಬಂದ ಸಂಸ್ಥೆ 2021ರ ಜನವರಿಯಲ್ಲಿ ಬೆಂಗಳೂರು ಶಾಸನಗಳ ತ್ರೀಡಿ ಸಂರಕ್ಷಣಾ ಯೋಜನೆಗೆ ಕೈ ಹಾಕಿತು. ಮುಂದಾಳು ಪಿ.ಎಲ್. ಉದಯಕುಮಾರ್, ವೃತ್ತಿಯಿಂದ ಎಂಜಿನಿಯರ್. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಸಿಕ್ಕ, ಗಂಗರ ಶ್ರೀಪುರುಷನ ಕಾಲದ ಕಿತ್ತಯ್ಯನ ವೀರಗಲ್ಲು ಊರಿನವರನ್ನೇ ಒಟ್ಟುಗೂಡಿಸಿದ್ದು ಈ ಕೆಲಸದ ಹಿಂದಿನ ಕತೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಕಲ್ಲಿನ ಉಬ್ಬು-ತಗ್ಗನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುತ್ತದೆ. ಆ ಮಾದರಿಯಿಂದ ಬಣ್ಣವನ್ನು ಪೂರ್ತಿ ತೆಗೆದುಬಿಡಬಹುದು ಎಂಬುದೇ ಇದರ ಚಂದ: ಹಾವಸೆಯ ಕಪ್ಪು, ಸುಣ್ಣದ ಬಿಳಿ, ಯಾರೋ ಬಳಿದ ಆಯಿಲ್ ಪೇಂಟ್ ಎಲ್ಲ ಮಾಯವಾಗಿ ಬರೀ ಆಕಾರ ಉಳಿಯುತ್ತದೆ. ಹೀಗೆ ಸಿಕ್ಕ ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸಿ, ಶತಮಾನವಾರು ಜೋಡಿಸಿದ ‘ಅಕ್ಷರ ಭಂಡಾರ’ವನ್ನೂ ಅವರು ಎಲ್ಲರ ಕೈಗೆ ಕೊಟ್ಟಿದ್ದಾರೆ.

ಬೆಂಗಳೂರಿಗೆ ಇದು ಸುಲಭವಾದದ್ದಕ್ಕೆ ಒಂದು ಕಾರಣವುಂಟು. ಬಿ.ಎಲ್. ರೈಸ್ ಮಾಡಿಟ್ಟ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಪಟ್ಟಿ ಅವರ ಕೈಯಲ್ಲಿತ್ತು. ಯಾವ ಊರಲ್ಲಿ ಯಾವ ಕಲ್ಲಿತ್ತು ಎಂದು ನೋಡಿಕೊಂಡು ಹುಡುಕಿದರು. ನಮಗೆ ಆ ಭಾಗ್ಯವಿಲ್ಲ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು, ರೈಸ್ ಓಡಾಡಿದ್ದು ಮೈಸೂರು ಸಂಸ್ಥಾನದಲ್ಲಿ. ಹೀಗಾಗಿ ಪಕ್ಕದ ಸೊರಬದ ನೂರಾರು ಶಾಸನಗಳು 1904ರ ಎಂಟನೇ ಸಂಪುಟದಲ್ಲಿ ನಂಬರು ಹಾಕಿಸಿಕೊಂಡು ಕೂತವು, ಬನವಾಸಿ ಹೊರಗುಳಿಯಿತು. ನಮ್ಮ ಕಲ್ಲುಗಳ ಪಾಠ ಮುಂಬಯಿ ಕರ್ನಾಟಕದ ಸಂಪುಟಗಳಲ್ಲಿ, 1939ರಲ್ಲಿ ಶುರುವಾದ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳಲ್ಲಿ, ಹಳೆಯ ಪತ್ರಿಕೆಗಳಲ್ಲಿ ಚೆದುರಿ ಹೋಗಿದೆ. ಬಾ.ರಾ. ಗೋಪಾಲರು ಕದಂಬರ ಶಾಸನಗಳನ್ನು ಒಂದೆಡೆ ತಂದ ಸಂಪುಟ 1985ರಲ್ಲಿ ಶಿರಸಿಯಿಂದಲೇ ಹೊರಬಂತು ಎಂಬುದು ಹೆಮ್ಮೆಯ ಮಾತು. ರವಿವರ್ಮನ ಗುಡ್ನಾಪುರ ಸ್ತಂಭಶಾಸನವನ್ನು ಬೆಳಕಿಗೆ ತಂದವರೂ ಅವರೇ. ಆದರೆ ಸೋಂದೆಯ ಕೋಟೆಯ ಸುತ್ತ, ಸಿದ್ದಾಪುರದ ಬಿಳಗಿಯ ಬಸದಿ-ಗುಡಿಗಳ ಆಸುಪಾಸು, ಯಲ್ಲಾಪುರದ ಕಾನುಗಳ ಒಳಗೆ, ಸೊಪ್ಪಿನಬೆಟ್ಟದ ಅಂಚಿನಲ್ಲಿ ಏನೇನಿದೆ ಎಂಬ ಒಂದೇ ಪಟ್ಟಿ ಇಂದಿಗೂ ನಮ್ಮ ಕೈಯಲ್ಲಿಲ್ಲ.

ಯಂತ್ರಕಲಿಕೆಯ ಮಾತು ಬರುವುದು ಇದಾದ ಮೇಲೆ. ಸಭೆಗಳಲ್ಲಿ ಮಾತ್ರ ಇದನ್ನೇ ಮೊದಲು ಹೇಳುತ್ತಾರೆ: ಎಐ ಬಂದಿದೆಯಂತೆ, ಫೋಟೊ ಕೊಟ್ಟರೆ ಶಾಸನ ಓದುತ್ತದಂತೆ. ಅದು ಓದಬೇಕಾದರೆ ಮೊದಲು ಕಲಿಯಬೇಕು; ಕಲಿಯಬೇಕಾದರೆ ‘ಇದು ಹತ್ತನೇ ಶತಮಾನದ ಮಕಾರ, ಇದು ವಕಾರ’ ಎಂದು ತಿಳಿದವರು ಗುರುತು ಹಾಕಿದ ಸಾವಿರಾರು ಚಿತ್ರಗಳು ಬೇಕು. ಗ್ರೀಕ್ ಶಾಸನಗಳ ಪಠ್ಯಕ್ಕಾಗಿ ಡೀಪ್‌ಮೈಂಡ್ ಕಟ್ಟಿದ ‘ಇಥಾಕಾ’ 70 ಸಾವಿರಕ್ಕೂ ಹೆಚ್ಚು ಶಾಸನಗಳ ಸಂಗ್ರಹದಿಂದ ಕಲಿತದ್ದು. 2022ರಲ್ಲಿ ಪ್ರಕಟವಾದ ಅದರ ಫಲಿತಾಂಶ ಗಮನಿಸುವಂಥದ್ದು. ಅಳಿಸಿಹೋದ ಪಠ್ಯ ತುಂಬುವಾಗ ಇತಿಹಾಸಕಾರರಷ್ಟೇ ಕೂತರೆ ನೂರಕ್ಕೆ 25 ಸರಿ, ಯಂತ್ರ ಒಂದೇ ಆದರೆ 62, ಯಂತ್ರದ ಸಲಹೆ ಪಡೆದ ಇತಿಹಾಸಕಾರರು 72.

ಆದರೂ ಒಂದು ಎಚ್ಚರ ಬೇಕು. ಯಂತ್ರ ಚೆನ್ನಾಗಿ ಊಹಿಸುವುದು ಮತ್ತೆ ಮತ್ತೆ ಬರುವುದನ್ನು: ಅರಸರ ಬಿರುದು, ದಾನದ ಒಕ್ಕಣೆ, ಕೊನೆಯ ಶಾಪಶ್ಲೋಕ. ಅವನ್ನು ಪಳಗಿದ ಓದುಗರು ಅರೆನಿದ್ದೆಯಲ್ಲೂ ತುಂಬಬಲ್ಲರು. ನಮಗೆ ಬೇಕಾದದ್ದು ಒಂದೇ ಸಲ ಬರುವ ಸಂಗತಿ: ಸತ್ತ ಬಂಟನ ಹೆಸರು, ಕಾದಾಡಿದ ಊರು, ಬಿಟ್ಟುಕೊಟ್ಟ ಗದ್ದೆಯ ಮೇರೆ. ಅಲ್ಲಿ ಯಂತ್ರ ಯಾವುದೋ ಪರಿಚಿತ ಹೆಸರು ತಂದು ಕೂರಿಸಿದರೆ ಒಂದು ಹಳ್ಳಿಯ ಚರಿತ್ರೆಯೇ ತಿರುಚಿಹೋಗುತ್ತದೆ. ಆದ್ದರಿಂದ ಯಂತ್ರದ ಪಾಠವನ್ನು ಊಹೆ ಎಂದೇ ಬೇರೆ ಬಣ್ಣದಲ್ಲಿ ಅಚ್ಚು ಹಾಕಬೇಕು.

ಕಾಡಿನ ಮೇಲಿಂದ ಲೇಸರ್ ಕಿರಣ ಬಿಟ್ಟು ಮರಗಳ ಸಂದಿನಿಂದ ನೆಲದ ರೂಪ ಹಿಡಿಯುವ ಲೈಡಾರ್‌ಗೂ ಇಂಥದ್ದೇ ಎಚ್ಚರ ಬೇಕು. ಗ್ವಾಟೆಮಾಲಾದಲ್ಲಿ ಸುಮಾರು 2,100 ಚದರ ಕಿ.ಮೀ. ಅಳೆದು 60 ಸಾವಿರದಷ್ಟು ಮಾಯಾ ಕಾಲದ ಕಟ್ಟಡಗಳ ಕುರುಹು ಸಿಕ್ಕಿತೆಂದು 2018ರಲ್ಲಿ ಸುದ್ದಿಯಾಯಿತು. ಸೋಂದೆಯ ಸುತ್ತಿನ ಕಾಡಿಗೆ ಇದು ಹೇಳಿ ಮಾಡಿಸಿದ ಸಾಧನ. ಒಂದೇ ತೊಂದರೆ: ನಮ್ಮಲ್ಲಿ ತೋಟ, ಬೆಟ್ಟಕ್ಕೆಲ್ಲ ಅಗಳ ಹೊಡೆದಿರುತ್ತಾರೆ. ಮಾಯಾ ನಗರ ನೋಡಿ ಕಲಿತ ಯಂತ್ರ ಪ್ರತಿ ಅಡಿಕೆ ತೋಟವನ್ನೂ ಕಂದಕವಿರುವ ಕೋಟೆ ಎಂದೀತು! ಊರಿನ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅದಕ್ಕೆ ಪಾಠ ಹೇಳಬೇಕು.

ಕಲ್ಲಿನಷ್ಟೇ ತುರ್ತು ತಾಳೆಗರಿಗೂ ಇದೆ. ಪಲಿಮಾರು ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥದ ಕಪ್ಪಾದ ಗರಿಗಳನ್ನು ರೋಚೆಸ್ಟರ್‌ನ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಚಿತ್ರಿಸಿ ಓದುವಂತೆ ಮಾಡಿದರು. ಅಷ್ಟಮಠಗಳಲ್ಲೇ ಒಂದರ ಮೂಲನೆಲೆಯಾದ ಸೋದೆ, ಅಂದರೆ ಸೋಂದೆ, ನಮ್ಮ ಶಿರಸಿ ತಾಲ್ಲೂಕಿನಲ್ಲಿದೆ. ಇನ್ನು ಸುಣ್ಣದ ಮೇಲೆ ಕೆಮ್ಮಣ್ಣು ಹೊಡೆದು ಕೆರೆದು ಬಿಡಿಸುವ ಕಾವಿ ಚಿತ್ರಗಳು; ಶಿರಸಿಯ ಮಾರಿಕಾಂಬೆಯ ಗುಡಿಯೂ ಅವುಗಳಿಗೆ ಹೆಸರಾಗಿತ್ತು. ಹೊನ್ನಾವರದ ಕೃಷ್ಣಾನಂದ ಕಾಮತರು ಕರಾವಳಿಯ ಈ ಕಲೆಯನ್ನು ಹುಡುಕಿಕೊಂಡು ಹೋಗಿ ಕ್ಯಾಮೆರಾದಲ್ಲಿ ಹಿಡಿದರು. ಗೋಡೆ ಕೆಡವಿ ಟೈಲ್ಸ್ ಹಾಕಿಸುವ ಈ ಕಾಲದಲ್ಲಿ ಅಂಥ ಫೋಟೊಗಳೇ ಮೂಲ ದಾಖಲೆ.

ನೆರವು ದೂರವಿಲ್ಲ. ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು, ಈಗಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಕೇಂದ್ರ ಸರ್ಕಾರದ ಡಿಜಿಟಲ್ ಹಂಪಿ ಯೋಜನೆಯಲ್ಲಿ ಪಾಲ್ಗೊಂಡು ಜನಸಾಮಾನ್ಯರ ಫೋಟೊಗಳಿಂದಲೇ ಸ್ಮಾರಕಗಳ ಮೂರು ಆಯಾಮದ ಮಾದರಿ ಕಟ್ಟುವ ಕೆಲಸ ಮಾಡಿದೆ. ಯಲ್ಲಾಪುರದಿಂದ ಅದು ಬಸ್ಸಿನ ದಾರಿ. ಬೆಂಗಳೂರಿನವರಿಂದ ಒಂದನ್ನು ಮಾತ್ರ ನಾವು ಹಾಗೇ ಎತ್ತಿಕೊಳ್ಳಬಾರದು. ಅಲ್ಲಿ ಕಲ್ಲಿನ ನಿಖರ ಜಾಗವನ್ನು ನಕ್ಷೆಯಲ್ಲಿ ಎಲ್ಲರಿಗೂ ತೋರಿಸಿದರೆ ಕಾವಲು ಹೆಚ್ಚುತ್ತದೆ. ಕಾಡಿನ ನಡುವೆ ಒಂಟಿಯಾಗಿ ನಿಂತ ಕಲ್ಲಿನ ಜಾಗ ಬಹಿರಂಗವಾದರೆ ನಿಧಿ ಅಗೆಯುವವರು ಮೊದಲು ಬರುತ್ತಾರೆ. ಅಂಥ ಕಡೆ ಊರಿನ ಹೆಸರು ಸಾಕು. ಉಳಿದದ್ದು ಪುರಾತತ್ವ ಇಲಾಖೆಯ ಕಡತದಲ್ಲಿರಲಿ.

ನಿಮ್ಮ ತೋಟದ ಮೇಲೋ ದೇವರ ಬನದಲ್ಲೋ ಅಕ್ಷರವಿರುವ ಕಲ್ಲಿದ್ದರೆ ಅದಕ್ಕೆ ಬಣ್ಣ ಬಳಿಯಬೇಡಿ, ಆಸಿಡ್ ಹಾಕಬೇಡಿ, ಅಕ್ಷರ ಕಾಣಲೆಂದು ಸೀಮೆಸುಣ್ಣವನ್ನೂ ತಿಕ್ಕಬೇಡಿ. ಬೆಳಗಿನ ಅಥವಾ ಸಂಜೆಯ ಇಳಿಬಿಸಿಲು ಓರೆಯಾಗಿ ಬೀಳುವಾಗ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು, ಎಡದಿಂದ ಬಲಕ್ಕೆ ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹಾಯುವಂತೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಊರು, ಹೋಬಳಿ, ಕಲ್ಲಿಗೆ ಜನ ಕರೆಯುವ ಹೆಸರು ಬರೆದು ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಗೋ ಮೈಸೂರಿನಲ್ಲಿರುವ ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗಕ್ಕೋ ಕಳಿಸಿ. ಮಳೆ ಹಿಡಿಯುವ ಮೊದಲೇ ಕಳಿಸಿ.