ರೊಕ್ಕ ಕೊಟ್ಟು ರೊಕ್ಕ ತರುವ ಹವ್ಯಾಸ

ಹಳೆಯ ನಾಣ್ಯ, ಕೈಗಡಿಯಾರ, ಅಂಚೆಚೀಟಿ ಕೂಡಿಸುವ ಹವ್ಯಾಸ ಸಂಸಾರದಲ್ಲಿ ತಕರಾರು ತರುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಕೊಟ್ಟ ರೊಕ್ಕ ಬೇಕೆಂದಾಗ ತಿರುಗಿ ಬರುವ ಭರವಸೆ ಇರುವುದಿಲ್ಲ. ಅಷ್ಟೇ ರೊಕ್ಕ ಬಂಗಾರಕ್ಕೆ ಹೋದರೆ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಈ ವ್ಯತ್ಯಾಸ ಇನ್ನಷ್ಟು ಢಾಳಾಗಿ ಕಾಣುತ್ತದೆ. ಇಲ್ಲಿ ಒಂದೇ ವಸ್ತು, ನಿಜಾಮರ ಬೆಳ್ಳಿ ರೂಪಾಯಿ, ಅಜ್ಜಿಯ ಪೆಟ್ಟಿಗೆಯಲ್ಲಿ ಆಪದ್ಧನವಾಗಿಯೂ ಮೊಮ್ಮಗನ ಆಲ್ಬಮ್ಮಿನಲ್ಲಿ ಹವ್ಯಾಸವಾಗಿಯೂ ಇರಬಲ್ಲದು.

ಈ ಊರುಗಳು 1948ರ ತನಕ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ನಿಜಾಮರ ಕಾಲದಲ್ಲಿ ಸಂತೆ, ಕಂದಾಯ ಎಲ್ಲವೂ ಅವರದೇ ನಾಣ್ಯವಾದ ಹಾಲಿ ಸಿಕ್ಕಾದಲ್ಲಿ ನಡೆಯುತ್ತಿದ್ದವು. ಭಾರತದ ರೂಪಾಯಿ ಬಂದ ಮೇಲೂ ಅದು 1959ರ ತನಕ ಜೊತೆಜೊತೆಗೆ ಚಲಾವಣೆಯಲ್ಲಿತ್ತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದ ಬೆಳ್ಳಿ ರೂಪಾಯಿ ಸುಮಾರು 11.18 ಗ್ರಾಂ ತೂಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಶೇ 81.8 ಬೆಳ್ಳಿ, ಅಂದರೆ ಒಂಬತ್ತು ಗ್ರಾಂಗಿಂತ ತುಸು ಹೆಚ್ಚು. ಬ್ರಿಟಿಷರ ಹಳೆಯ ಕಲ್ದಾರ್ ರೂಪಾಯಿ 11.66 ಗ್ರಾಂ, ಅದರಲ್ಲಿ ಶೇ 91.7 ಬೆಳ್ಳಿ. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬ ಹಳೆಯ ಲೆಕ್ಕ ಈ ಬೆಳ್ಳಿಯ ತೂಕಕ್ಕೆ ಸರಿಯಾಗಿ ಹೊಂದುತ್ತದೆ.

ನಿಜಾಮರ ನಾಣ್ಯದ ಒಂದು ಮಗ್ಗುಲಲ್ಲಿ ಚಾರ್ಮಿನಾರ್ ಇದೆ. ಅದರ ಕಮಾನಿನೊಳಗೆ ಸಣ್ಣದೊಂದು ಅಕ್ಷರ: ಹಿಂದಿನ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದಾದರೆ ‘ಮೀಮ್’, ಉಸ್ಮಾನ್ ಅಲಿ ಖಾನರದ್ದಾದರೆ ‘ಐನ್’. ಉಸ್ಮಾನರ ನಾಣ್ಯಗಳಲ್ಲಿಯೇ ಐನ್ ಪೂರ್ತಿ ಮೂಡಿದ್ದು, ಅರ್ಧ ಮೂಡಿದ್ದು ಎಂದು ಎರಡು ಬಗೆ. ಸಂಗ್ರಹಿಸುವವರು ಭೂತಗನ್ನಡಿ ಹಿಡಿದು ಮೊದಲು ನೋಡುವುದು ಇದನ್ನೇ; ಆಮೇಲೆ ಹಿಜರಿ ಇಸವಿ, ಆಳ್ವಿಕೆಯ ವರ್ಷ, ಅಂಚು ಸವೆದಿದೆಯೇ ಎಂಬುದು. ಸರಾಫನಿಗೆ ಇದ್ಯಾವುದೂ ಬೇಡ. ತಕ್ಕಡಿಗೆ ಹಾಕಿ, ಕಲಬೆರಕೆ ಕಳೆದು, ಆ ದಿನದ ಬೆಳ್ಳಿ ದರ ಹೇಳುತ್ತಾನೆ. ಅಪರೂಪದ ನಾಣ್ಯಕ್ಕೆ ಬೆಳ್ಳಿಯ ಬೆಲೆಯ ಹಲವು ಪಟ್ಟು ಕೊಟ್ಟವನು ಅದನ್ನು ಊರಿನ ಸರಾಫ ಅಂಗಡಿಯಲ್ಲಿ ಮಾರಿದರೆ ಕೈಗೆ ಬರುವುದು ಬೆಳ್ಳಿಯ ಬೆಲೆ ಮಾತ್ರ. ‘ರೊಕ್ಕ ಕೊಟ್ಟು ರೊಕ್ಕ ತರೋದಾ?’ ಎಂದು ಹೆಂಡತಿ ಕೇಳಿದರೆ ಅದು ಕುಹಕವಲ್ಲ, ಲೆಕ್ಕದ ಪ್ರಶ್ನೆ.

ಗಂಡ ಹೆಂಡತಿಯ ದೃಷ್ಟಿ ಎಷ್ಟು ಬೇರೆ ಎಂಬುದು ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಗೊತ್ತಾಗುತ್ತದೆ. ಪೂಜೆಗೆ ಇಡುವ ಬೆಳ್ಳಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವುದು ವಾಡಿಕೆ. ಸಂಗ್ರಹದ ನಾಣ್ಯ ಆ ರಾಶಿಯೊಳಗೆ ಸೇರಿತೆಂದರೆ ಅದರ ಮೇಲಿನ ಹಳೆಯ ಮಾಸಲು ಹೊದಿಕೆ ಹೋಗುತ್ತದೆ, ಅದರೊಂದಿಗೆ ಸಂಗ್ರಾಹಕರು ಕೊಡುತ್ತಿದ್ದ ಹೆಚ್ಚಿನ ಬೆಲೆಯೂ ಹೋಗುತ್ತದೆ. ಬೆಳಗಿದವರ ಕಣ್ಣಿಗೆ ಅದು ಆಗ ತಾನೇ ಚೊಕ್ಕಟವಾಗಿರುತ್ತದೆ.

ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಇನ್ನೊಂದು ಬಗೆಯ ನಾಣ್ಯಸಂಗ್ರಹವಿದೆ. ಅದನ್ನು ಯಾರೂ ಹವ್ಯಾಸ ಎನ್ನುವುದಿಲ್ಲ. ಲಂಬಾಣಿ ಹೆಣ್ಣುಮಕ್ಕಳ ಸಾಂಪ್ರದಾಯಿಕ ಉಡುಪಿನಲ್ಲಿ ಬೆಳ್ಳಿಯ ಒಡವೆ, ಕನ್ನಡಿ ಚೂರು, ಕವಡೆಗಳ ಜೊತೆ ಹಳೆಯ ನಾಣ್ಯಗಳೂ ಇರುತ್ತವೆ. ನಾಣ್ಯಕ್ಕೆ ತೂತು ಕೊರೆದು ಪೋಣಿಸಿದ ಕ್ಷಣವೇ ಸಂಗ್ರಾಹಕನ ಲೆಕ್ಕದಲ್ಲಿ ಅದು ಹಾಳಾಯಿತು. ತಾಂಡಾದ ಲೆಕ್ಕದಲ್ಲಿ ಅದು ಮೈಮೇಲೆ ಉಳಿದ ಆಸ್ತಿ: ಮಗಳಿಗೆ ದಾಟುತ್ತದೆ, ಬರಗಾಲದಲ್ಲಿ ಗಿರವಿಗೆ ಹೋಗುತ್ತದೆ, ಮಳೆ ಚೆನ್ನಾಗಿ ಆದರೆ ಬಿಡಿಸಿಕೊಂಡು ಬರಬಹುದು. ಪುತಳಿ ಸರ, ಕಾಸಿನ ಸರಗಳ ಹಿಂದೆಯೂ ಇದೇ ಯೋಚನೆ ಇದೆ. ಹೆಂಗಸರು ಒಡವೆ ಕೂಡಿಸುವುದನ್ನು ಚಪಲವೆಂದು ನಕ್ಕು, ತಮ್ಮ ಆಲ್ಬಮ್ಮನ್ನು ಹೂಡಿಕೆ ಎಂದು ಕರೆದುಕೊಳ್ಳುವ ಗಂಡಸರು ಈ ವಿಷಯದಲ್ಲಿ ತಲೆಕೆಳಗಾದ ಲೆಕ್ಕ ಮಾಡುತ್ತಿದ್ದಾರೆ. ಒಡವೆಯಲ್ಲಿಯೂ ನಷ್ಟವಿದೆ ನಿಜ; ಮಜೂರಿ, ತೇಮಾನು, ಶೇ 3ರ ಜಿಎಸ್‌ಟಿ ಮಾರುವಾಗ ಹಿಂದಿರುಗುವುದಿಲ್ಲ. ಆದರೂ ಉಳಿದ ಭಾಗಕ್ಕೆ ಯಾವ ಊರಿನಲ್ಲಾದರೂ ಗಿರಾಕಿ ಇದ್ದೇ ಇರುತ್ತಾನೆ.

ಖರ್ಚಿನ ಜಗಳಕ್ಕೆ ಆದಾಯ ಬರುವ ಹೊತ್ತೂ ಕಾರಣ. ವಾಡಿ, ಸೇಡಂ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆಗಳಿವೆ. ಅಲ್ಲಿಯ ಕಾಯಂ ನೌಕರರ ಮನೆಗೆ ತಿಂಗಳ ಪಗಾರ ಬರುತ್ತದೆ. ತೊಗರಿ ನಂಬಿದ ಮನೆಗೆ ರಾಶಿ ಮುಗಿಯುವ ಡಿಸೆಂಬರ್–ಜನವರಿಯಲ್ಲಿ ವರ್ಷದ ರೊಕ್ಕ ಒಮ್ಮೆಲೇ ಬರುತ್ತದೆ. ಬಂದ ದಿನವೇ ಅದರಲ್ಲಿ ಅಡತಿಯ ಬಾಕಿ, ಮುಂದಿನ ಬೀಜ ಗೊಬ್ಬರ, ಮಕ್ಕಳ ಫೀ, ಮದುವೆ ಎಲ್ಲವೂ ಅಡಗಿರುತ್ತವೆ. ಕೈತುಂಬ ನೋಟು ಇರುವ ಆ ಎರಡು ವಾರ ಹವ್ಯಾಸಿಗೆ ಬಲು ಅಪಾಯದ ಕಾಲ. ವಾಡಿ–ಸಿಕಂದರಾಬಾದ್ ರೈಲು ಮಾರ್ಗ 1874ರಷ್ಟು ಹಳೆಯದು. ಚಿತ್ತಾಪುರ, ಸೇಡಂ ಎರಡೂ ಅದರ ಮೇಲೇ ಇವೆ. ಬೆಳಿಗ್ಗೆ ನಾಣ್ಯ ಕೊಳ್ಳಲು ಹೈದರಾಬಾದಿಗೆ ಹೋಗಿ ರಾತ್ರಿ ಖಾಲಿ ಕಿಸೆಯಲ್ಲಿ ಮರಳುವುದು ಏನೂ ಕಷ್ಟವಿಲ್ಲ. ಈಗಂತೂ ಮೊಬೈಲ್ ಸಾಕು.

ಕೊಟ್ಟ ರೊಕ್ಕ ತಿರುಗಿ ಬರುವ ಭರವಸೆ ಎಚ್‌ಎಂಟಿ ಕೈಗಡಿಯಾರಕ್ಕೂ ಇಲ್ಲ. ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಉದ್ಯಮವನ್ನು ಮುಚ್ಚಲು ಕೇಂದ್ರ ಸರಕಾರ 2016ರಲ್ಲಿ ತೀರ್ಮಾನಿಸಿತು. ಆಮೇಲೆ ಅಪ್ಪನ ಕೈಯಲ್ಲಿದ್ದ ‘ಜನತಾ’, ‘ಪೈಲಟ್’ ಗಡಿಯಾರಗಳಿಗೆ ಬೇಡಿಕೆ ಹುಟ್ಟಿತು. ಬೇಡಿಕೆಯ ಹಿಂದೆಯೇ ಹೊಸದಾಗಿ ಬಣ್ಣ ಹಚ್ಚಿದ ಡಯಲ್ ಕೂರಿಸಿದ, ನಾಲ್ಕು ಗಡಿಯಾರಗಳ ಬಿಡಿಭಾಗ ಸೇರಿಸಿದ ಮಾಲೂ ಬಂತು. ಸರಕಾರಿ ಟಂಕಸಾಲೆಗಳು ಹೊರತರುವ ಸ್ಮರಣಾರ್ಥ ನಾಣ್ಯಗಳನ್ನು ಮುಖಬೆಲೆಗಿಂತ ಹೆಚ್ಚು ದರಕ್ಕೆ ಕೊಳ್ಳಬೇಕು. ಅವು ಬ್ಯಾಂಕಿಗೆ ಹೋದರೆ ಮುಖಬೆಲೆಯೇ ಗತಿ. ಹೀಗಾಗಿ ಸಂಗ್ರಹಕ್ಕೆ ಕೊಟ್ಟ ರೊಕ್ಕವನ್ನು ಸಿನಿಮಾ, ಪ್ರವಾಸಗಳ ಖರ್ಚಿನ ಸಾಲಿನಲ್ಲಿ ಬರೆಯುವುದೇ ಸುರಕ್ಷಿತ. ಮುಂದೆಂದೋ ಲಾಭ ಬಂದರೆ ಬರಲಿ. ಮಗಳ ಕಾಲೇಜಿನ ಫೀಯನ್ನು ಅದರ ಮೇಲೆ ನಿಲ್ಲಿಸುವಂತಿಲ್ಲ.

ಯಾರ ರೊಕ್ಕ, ಯಾರ ವಸ್ತು ಎಂಬುದಕ್ಕೆ ಕಾನೂನಿನ ಉತ್ತರ ಸರಳ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಂಹಿತೆಯಂತೆ ಮದುವೆಯೊಡನೆ ಆಸ್ತಿ ಸಾಮಾನ್ಯವಾಗಿ ಇಬ್ಬರದೂ ಆಗುತ್ತದೆ. ಕರ್ನಾಟಕದಲ್ಲಿ ಹಾಗಿಲ್ಲ, ಮದುವೆಯಾದ ಮಾತ್ರಕ್ಕೆ ಒಬ್ಬರ ಆಸ್ತಿ ಮತ್ತೊಬ್ಬರದಾಗುವುದಿಲ್ಲ. ಹಿಂದೂ ಹೆಣ್ಣುಮಗಳ ಸ್ತ್ರೀಧನ ಅವಳದೇ ಎಂದು ಸುಪ್ರೀಂ ಕೋರ್ಟ್ 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಗಂಡನ ಸುಪರ್ದಿಯಲ್ಲಿದ್ದರೂ ಅದು ಅವಳು ನಂಬಿ ಕೊಟ್ಟ ವಸ್ತು. ಮುಸ್ಲಿಂ ಹೆಂಡತಿಯ ಮೆಹರ್ ಕೂಡ ಅವಳ ಹಕ್ಕು. ತವರಿನಿಂದ ಬಂದ ಬಳೆ ಗಿರವಿ ಇಟ್ಟು ನಾಣ್ಯ ಕೊಂಡರೆ ಅದು ಮನೆಯೊಳಗಿನ ಮುನಿಸಿಗೆ ನಿಲ್ಲುವ ವಿಷಯವಲ್ಲ. 2023ರ ಆಗಸ್ಟಿನಿಂದ ಯಜಮಾನಿಯ ಖಾತೆಗೆ ಬರುತ್ತಿರುವ ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿಗೆ ಹವ್ಯಾಸಿ ಗಂಡನ ಕಣ್ಣು ಬೀಳದಿರುವುದೂ ಒಳ್ಳೆಯದು.

ಈ ಸೀಮೆಯಲ್ಲಿ ಇನ್ನೊಂದು ತೊಡಕಿದೆ: ನೆಲದಡಿಯಲ್ಲೇ ಇತಿಹಾಸವಿದೆ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ ವಿಗ್ರಹದ ಪೀಠದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದ ಉತ್ಖನನದಲ್ಲಿ ಶಾತವಾಹನರ ನಾಣ್ಯಗಳೂ ದೊರೆತವು. ಹೊಲ ಉಳುವಾಗ ಸಿಕ್ಕಿತೆಂದು ಯಾರೋ ತಂದುಕೊಡುವ ನಾಣ್ಯವನ್ನು ಅಗ್ಗವೆಂದು ಕೊಳ್ಳುವುದು ಪೊಲೀಸ್ ಠಾಣೆಗೆ ದಾರಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರಕಾರಕ್ಕೆ ತಿಳಿಸಲೇಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪ್ರಾಚ್ಯವಸ್ತು. ಅಂಥವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಇನ್ನೊಂದು ಕಡೆ, ಮನೆಯ ಹಳೆಯ ನೋಟು ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ವಂಚಿಸುವವರಿದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕ ಕೇಳುವುದೂ ಇಲ್ಲ ಎಂದು ಬ್ಯಾಂಕ್ 2021ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಿತ್ತು. ಈ ಬಲೆಗೆ ಹವ್ಯಾಸಿಗಿಂತ, ಅವನ ಸಂಗ್ರಹವನ್ನು ಹೇಗಾದರೂ ರೊಕ್ಕ ಮಾಡಬೇಕೆಂದು ಹೊರಟ ಮನೆಯವರು ಬೀಳುವ ಸಾಧ್ಯತೆಯೇ ಹೆಚ್ಚು.

ಬಿಗಿಮುಷ್ಟಿಯವರೂ ಧಾರಾಳಿಗಳೂ ಪರಸ್ಪರ ಒಲಿದು ಮದುವೆಯಾಗುವುದು ಹೆಚ್ಚು, ರೊಕ್ಕದ ಜಗಳವೂ ಅಂಥ ಜೋಡಿಗಳಲ್ಲೇ ಹೆಚ್ಚು ಎಂದು ಅಮೆರಿಕದ ಸ್ಕಾಟ್ ರಿಕ್ ಮತ್ತು ಸಂಗಡಿಗರ 2011ರ ಅಧ್ಯಯನ ಕಂಡುಕೊಂಡಿತು. ಹಿರಿಯರು ಜೋಡಿಸಿದ ಮದುವೆಗೆ ಇದರ ಮೊದಲ ಅರ್ಧ ಅಷ್ಟಾಗಿ ಹೊಂದಲಿಕ್ಕಿಲ್ಲ, ಎರಡನೆಯದು ಹೊಂದುತ್ತದೆ. ಸ್ವಭಾವ ಬದಲಾಗಲೆಂದು ಕಾಯುವುದಕ್ಕಿಂತ ಮೊತ್ತ ಗೊತ್ತುಮಾಡುವುದು ಸುಲಭ. ಪಗಾರದ ಮನೆಯಲ್ಲಿ ಕಿರಾಣಿ, ಕಂತು, ಭಿಶಿ, ಉಳಿತಾಯ ಕಳೆದ ಮೇಲೆ ಇಬ್ಬರಿಗೂ ಸಮನಾದ ಕೈಖರ್ಚು ಎತ್ತಿಡಬಹುದು. ಅದರೊಳಗೆ ಅವನು ನಾಣ್ಯ ತಂದರೂ ಅವಳು ಇಳಕಲ್ ಸೀರೆ ತಂದರೂ ಲೆಕ್ಕ ಕೇಳುವಂತಿಲ್ಲ. ಸಮ ಎಂಬ ಮಾತು ಇಲ್ಲಿ ಮುಖ್ಯ. ಗಂಡನಿಗೆ ಹವ್ಯಾಸದ ಬಾಬ್ತು, ಹೆಂಡತಿಗೆ ಮನೆಖರ್ಚಿನಲ್ಲಿ ಉಳಿಸಿಕೊಂಡದ್ದು ಎಂಬ ಏರ್ಪಾಡು ಹೆಚ್ಚು ದಿನ ಬಾಳುವುದಿಲ್ಲ. ತೊಗರಿಯ ಮನೆಯಲ್ಲಿ ಈ ಮೊತ್ತವನ್ನು ಮಾಲು ಮಾರುವ ಮೊದಲೇ ಇಬ್ಬರೂ ಕೂತು ಗೊತ್ತುಮಾಡಬೇಕು, ಬೆಳೆ ಕೈಕೊಟ್ಟ ವರ್ಷ ಅದು ಸೊನ್ನೆ ಎಂದೂ ಆಗಲೇ ಒಪ್ಪಿರಬೇಕು. ಗೊತ್ತಾದ ಮೊತ್ತ ಮೀರುವ ವಸ್ತು ಕಣ್ಣಿಗೆ ಬಿದ್ದರೆ ಸಂಗ್ರಹದಲ್ಲಿ ಎರಡೆರಡು ಇರುವುದನ್ನು ಮೊದಲು ಮಾರುವುದು ಒಂದು ದಾರಿ. ಮಾರಿ ನೋಡಿದಾಗಲೇ ತನ್ನ ಸಂಗ್ರಹದ ಖರೆ ಬೆಲೆ ಹವ್ಯಾಸಿಗೆ ಗೊತ್ತಾಗುತ್ತದೆ. ಉದ್ರಿ ಮತ್ತು ಕ್ರೆಡಿಟ್ ಕಾರ್ಡಿನಲ್ಲಿ ಕೊಳ್ಳುವುದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಮುಚ್ಚಿಟ್ಟು ಕೊಂಡದ್ದು ಎಷ್ಟು ಸಣ್ಣದಾದರೂ ದೊಡ್ಡದಾಗಿಯೇ ಕಾಣುತ್ತದೆ. ಇದನ್ನು ತಪ್ಪಿಸಲು ಒಂದು ನೋಟ್‌ಬುಕ್ ಸಾಕು: ವಸ್ತು ಯಾವುದು, ಎಂದು ಕೊಂಡದ್ದು, ಎಲ್ಲಿಂದ, ಎಷ್ಟಕ್ಕೆ, ರಸೀದಿ ಎಲ್ಲಿದೆ, ಮಾರಬೇಕಾದರೆ ಯಾರನ್ನು ಕೇಳಬೇಕು. ನಾಣ್ಯವಾದರೆ ತೂಕ ಮತ್ತು ಇಸವಿ, ಜೊತೆಗೆ ‘ತಿಕ್ಕಬೇಡಿ’ ಎಂಬ ಸೂಚನೆ. ಈ ಪುಸ್ತಕ ಹೆಂಡತಿಗೂ ಓದಲು ಬರುವ ಭಾಷೆಯಲ್ಲಿರಬೇಕು, ಅವಳಿಗೆ ಗೊತ್ತಿರುವ ಜಾಗದಲ್ಲಿರಬೇಕು. ಸಂಗ್ರಹದ ಮರ್ಮವೆಲ್ಲ ಒಬ್ಬರ ತಲೆಯಲ್ಲೇ ಇದ್ದು, ಅವರು ತೀರಿಕೊಂಡರೆ ಅಪರೂಪದ ನಾಣ್ಯಗಳೂ ಮುರಿದ ಕಾಲುಂಗುರಗಳೊಡನೆ ಸರಾಫನ ತಕ್ಕಡಿಗೆ ಹೋಗುತ್ತವೆ; ಮನೆಯವರ ಕೈಗೆ ಬರುವುದು ಆ ದಿನದ ಬೆಳ್ಳಿ ದರ.